ಬೆಳ್ಳಿ ಒಡವೆ ಕೊಳ್ಳುವ ಮುನ್ನ: ಟಚ್ಚು, ತೂಕ, ಬೆಸುಗೆ ನೋಡುವ ಬಗೆ

ಬೆಳ್ಳಿ ಅಂಗಡಿಗೆ ಹೋದಾಗ ಮೊದಲು ಕೇಳಬೇಕಾದ ಮಾತು ಒಂದೇ: "ಇದನ್ನೇ ನಾಳೆ ವಾಪಸ್ ತಂದರೆ ಗ್ರಾಂಗೆ ಎಷ್ಟು ಕೊಡ್ತೀರಿ?" ಬೆಲೆ, ಕೂಲಿ, ಡಿಸ್ಕೌಂಟು ಎಲ್ಲ ಆಮೇಲೆ. ಚಿನ್ನವಾದರೆ 22 ಕ್ಯಾರೆಟ್ಟೋ 18 ಕ್ಯಾರೆಟ್ಟೋ ಎಂದು ನಾಲ್ಕು ಸಲ ವಿಚಾರಿಸುವವರು, ಬೆಳ್ಳಿ ಎಂದ ಕೂಡಲೇ ಡಿಸೈನು ನೋಡಿ ಎತ್ತಿಕೊಂಡು ಬರುತ್ತಾರೆ. ಮೋಸಕ್ಕೆ ಜಾಗ ಸಿಗುವುದು ಅಲ್ಲೇ. ಮಾರುವಾಗ ಎಲ್ಲವೂ "ಒಳ್ಳೇ ಬೆಳ್ಳಿ", ವಾಪಸ್ ತೆಗೆದುಕೊಳ್ಳುವಾಗ ಅದೇ ಮಾಲು "ಎಪ್ಪತ್ತು ಟಚ್ಚು".

ಟಚ್ಚು ಎಂದರೆ ನೂರು ಗ್ರಾಂ ಒಡವೆಯಲ್ಲಿ ಚೊಕ್ಕ ಬೆಳ್ಳಿ ಎಷ್ಟು ಗ್ರಾಂ ಇದೆ ಎನ್ನುವ ಅಂಗಡಿ ಮಾತು. 92.5 ಟಚ್ಚು, 925, ಸ್ಟರ್ಲಿಂಗ್, ಮೂರೂ ಒಂದೇ: ಸಾವಿರದಲ್ಲಿ 925 ಪಾಲು ಬೆಳ್ಳಿ, ಉಳಿದ 75 ಪಾಲು ಹೆಚ್ಚಾಗಿ ತಾಮ್ರ. 999 ಎಂದರೆ ಬಹುತೇಕ ಗಟ್ಟಿ ಬೆಳ್ಳಿಯೇ. ತಾಮ್ರ ಸೇರಿಸುವುದು ಮೋಸಕ್ಕಲ್ಲ. ಚೊಕ್ಕ ಬೆಳ್ಳಿ ಮೆತ್ತಗೆ, ಕೊಂಡಿ ಬಾಗುತ್ತದೆ, ಕೊರೆದ ಹೂ ಸವೆಯುತ್ತದೆ. ದಿನಾ ಹಾಕುವ ಕಾಲ್ಚೈನನ್ನು 999ರಲ್ಲಿ ಮಾಡಿಸಿಕೊಂಡರೆ ದುಡ್ಡು ದಂಡ. ಎಷ್ಟು ಸೇರಿಸಿದ್ದಾರೆ, ಅಷ್ಟನ್ನೇ ಹೇಳಿ ಮಾರುತ್ತಿದ್ದಾರೆಯೇ ಎನ್ನುವುದಷ್ಟೇ ಪ್ರಶ್ನೆ.

ಮೊದಲು ಲೆಕ್ಕ

ಬೆಳ್ಳಿ ರೇಟು ದಿನಕ್ಕೊಂದು. ಲೆಕ್ಕ ಸುಲಭವಾಗಲೆಂದು ಗ್ರಾಂಗೆ 100 ರೂಪಾಯಿ ಎಂದು ಇಟ್ಟುಕೊಳ್ಳೋಣ.

120 ಗ್ರಾಂನ ಒಂದು ಜೊತೆ ಕಾಲ್ಚೈನು. ಮೊದಲ ಅಂಗಡಿಯಲ್ಲಿ ಕೂಲಿ, ವೇಸ್ಟೇಜು ಎಲ್ಲ ಸೇರಿ ಶೇ. 12 ಮಾತ್ರ. ಬೆಳ್ಳಿಗೆ 12,000, ಕೂಲಿಗೆ 1,440, ಒಟ್ಟು 13,440 ರೂಪಾಯಿ. ಎರಡನೇ ಅಂಗಡಿಯವರು ಶೇ. 18 ಹಾಕುತ್ತಾರೆ, ಒಟ್ಟು 14,160. ಯಾರಾದರೂ ಮೊದಲನೆಯದನ್ನೇ ಎತ್ತಿಕೊಳ್ಳುತ್ತಾರೆ. ಆದರೆ ಮೊದಲನೆಯದು 70 ಟಚ್ಚು, ಎರಡನೆಯದು 92.5 ಎಂದಾದರೆ? ಮೊದಲನೆಯದರಲ್ಲಿ ಇರುವ ಚೊಕ್ಕ ಬೆಳ್ಳಿ 84 ಗ್ರಾಂ, ಎರಡನೆಯದರಲ್ಲಿ 111 ಗ್ರಾಂ. 13,440ನ್ನು 84ರಿಂದ ಭಾಗಿಸಿ: ಚೊಕ್ಕ ಬೆಳ್ಳಿ ಗ್ರಾಂಗೆ 160 ರೂಪಾಯಿ ಬಿತ್ತು. 14,160ನ್ನು 111ರಿಂದ ಭಾಗಿಸಿದರೆ 127 ರೂಪಾಯಿ 57 ಪೈಸೆ. ಕೂಲಿ ಹೆಚ್ಚು ಕೇಳಿದ ಅಂಗಡಿಯೇ ಅಗ್ಗವಾಯಿತು. ಇದರ ಮೇಲೆ ಶೇ. 3 ಜಿಎಸ್‌ಟಿ ಎರಡಕ್ಕೂ ಬರುತ್ತದೆ.

ಹಾಗಾಗಿ ಕೌಂಟರ್ ಮುಂದೆ ನಿಂತು ಮಾಡಬೇಕಾದ ಲೆಕ್ಕ ಇಷ್ಟೇ: ಕೇಳಿದ ಒಟ್ಟು ಬೆಲೆ ಭಾಗಿಸು (ತೂಕ × ಟಚ್ಚು ÷ 100). ಫೋನಿನ ಕ್ಯಾಲ್ಕುಲೇಟರ್ ಸಾಕು. "ಕೂಲಿ ಇಲ್ಲ", "ವೇಸ್ಟೇಜು ಫ್ರೀ" ಎಂಬ ಬೋರ್ಡು ಕಂಡಲ್ಲಿ ಈ ಲೆಕ್ಕವನ್ನು ತಪ್ಪದೇ ಮಾಡಿ. ಕೂಲಿ ಎಲ್ಲೂ ಮಾಯವಾಗುವುದಿಲ್ಲ, ಟಚ್ಚಿನೊಳಗೆ ಹೋಗಿ ಕೂತಿರುತ್ತದೆ.

70 ಟಚ್ಚಿನ ಮಾಲು ಮಾರುವುದೇ ತಪ್ಪು ಎಂದು ತಿಳಿಯಬೇಡಿ. 70 ಎಂದು ಹೇಳಿ, ಬಿಲ್ಲಿನಲ್ಲಿ ಬರೆದು, ಅದಕ್ಕೆ ತಕ್ಕ ರೇಟು ಹಾಕಿದರೆ ಅದು ನ್ಯಾಯದ ವ್ಯಾಪಾರವೇ.

ಹೊರಡುವ ಮುನ್ನ

ಮೈಸೂರಿನವರಾದರೆ ಅಶೋಕ ರಸ್ತೆ, ಮಂಡ್ಯದವರಾದರೆ ಪೇಟೆ ಬೀದಿ, ಎಲ್ಲಿಗೇ ಹೋಗಿ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಎರಡು ದಿನ ಹೋಗಬೇಡಿ. ಆ ನೂಕುನುಗ್ಗಲಿನಲ್ಲಿ ಮಷಿನ್ನಿಗೆ ಹಾಕಿ ತೋರಿಸಿ ಎಂದರೆ ಯಾರಿಗೂ ಪುರುಸೊತ್ತಿರುವುದಿಲ್ಲ, ನಿಮಗೂ ಕೇಳಲು ಸಂಕೋಚ. ಬೇರೆ ವಾರದ ನಡುವಿನ ದಿನ, ಬೆಳಗ್ಗೆ ಅಂಗಡಿ ತೆರೆದು ಪೂಜೆ ಮುಗಿದ ಹೊತ್ತು ಒಳ್ಳೆಯದು. ಹಗಲ ಬೆಳಕಿನಲ್ಲಿ ಬಣ್ಣವೂ ಸರಿಯಾಗಿ ಕಾಣುತ್ತದೆ. ಶೋಕೇಸಿನ ಬಿಳಿ ಎಲ್‌ಇಡಿ ಕೆಳಗೆ ಸ್ಟೀಲೂ ಬೆಳ್ಳಿಯೇ.

ಜೊತೆಗಿರಬೇಕಾದದ್ದು ನಾಲ್ಕು: ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಲೆನ್ಸು, ಉಗುರಿನಷ್ಟು ಅಗಲದ ಬಲವಾದ ಮ್ಯಾಗ್ನೆಟ್ಟು, ಫೋನಿನಲ್ಲಿ ಬಿಐಎಸ್ (ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಕೇರ್ ಆ್ಯಪ್, ಆ ದಿನದ ಬೆಳ್ಳಿ ರೇಟು. ಪೇಪರಿನಲ್ಲಿ ಬರುವ ರೇಟು ಕೆಲವೊಮ್ಮೆ ಕಿಲೋ ಲೆಕ್ಕದಲ್ಲಿರುತ್ತದೆ, ಸಾವಿರದಿಂದ ಭಾಗಿಸಿ ಬರೆದಿಟ್ಟುಕೊಳ್ಳಿ. ಅದು ಗಟ್ಟಿ ಬೆಳ್ಳಿಯ ರೇಟು ಎನ್ನುವುದನ್ನೂ ಮರೆಯಬೇಡಿ.

ಮುದ್ರೆ ಓದುವುದು

ಒಡವೆಯ ಹಿಂಬದಿ, ಕೊಂಡಿಯ ಪಕ್ಕ, ಬಳೆಯ ಒಳಮೈ, ಲೋಟದ ತಳ, ಮುದ್ರೆ ಇರುವುದು ಇಂಥ ಕಡೆ. ಲೆನ್ಸು ಹಿಡಿದು ನೋಡಿ. ಬರೀ "925" ಅಥವಾ "ಎಸ್ 925" ಎಂದಿದ್ದರೆ ಅದು ಮಾಡಿದವರ ಮಾತು ಮಾತ್ರ. ಆ ಅಂಕೆ ಒತ್ತುವ ಉಳಿ ಯಾರ ಕೈಗೂ ಸಿಗುತ್ತದೆ, ಹಿತ್ತಾಳೆಯ ಮೇಲೂ ಒತ್ತಬಹುದು.

ಹಾಲ್‌ಮಾರ್ಕ್, ಅಂದರೆ ಪರೀಕ್ಷಾ ಕೇಂದ್ರದಲ್ಲಿ ಶುದ್ಧತೆ ನೋಡಿ ಒತ್ತುವ ಬಿಐಎಸ್ ಮುದ್ರೆ, ಬೇರೆ. ಚಿನ್ನಕ್ಕೆ ಇದು ಕಡ್ಡಾಯ. ಬೆಳ್ಳಿಗೆ ವ್ಯಾಪಾರಿ ಇಷ್ಟಪಟ್ಟರೆ ಹಾಕಿಸಬಹುದು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಅದರದ್ದೇ ಕೋಡ್ ಕೊಡುವ ವ್ಯವಸ್ಥೆ ಬಂದಿದೆ. ಹೊಸ ಹಾಲ್‌ಮಾರ್ಕಿನಲ್ಲಿ ಮೂರು ಭಾಗ: ಬಿಐಎಸ್ ತ್ರಿಕೋನದ ಗುರುತಿನ ಜೊತೆ ಸಿಲ್ವರ್ ಎಂಬ ಪದ, ಶುದ್ಧತೆಯ ಅಂಕೆ, ಅಕ್ಷರ–ಅಂಕೆ ಬೆರೆತ ಆರು ಸ್ಥಾನದ ಎಚ್‌ಯುಐಡಿ. ಶುದ್ಧತೆಯ ಅಂಕೆ ಏಳರಲ್ಲಿ ಒಂದಾಗಿರಬೇಕು: 800, 835, 925, 958, 970, 990, 999. ಹಾಲ್‌ಮಾರ್ಕ್ ಎಂದು ಹೇಳಿ 700 ಎಂಬ ಅಂಕೆ ತೋರಿಸಿದರೆ ಅದು ಹಾಲ್‌ಮಾರ್ಕೇ ಅಲ್ಲ. ಹಳೇ ಸ್ಟಾಕಿನ ಮೇಲೆ ಎಚ್‌ಯುಐಡಿ ಬದಲು ಪರೀಕ್ಷಾ ಕೇಂದ್ರದ ಗುರುತು, ಅಂಗಡಿಯ ಗುರುತು ಇರಬಹುದು. ಅದನ್ನು ಆ್ಯಪಿನಲ್ಲಿ ಕೋಡ್ ಹಾಕಿ ನೋಡಲು ಬರುವುದಿಲ್ಲ.

ಎಚ್‌ಯುಐಡಿ ಇದ್ದರೆ ಅಲ್ಲೇ ಬಿಐಎಸ್ ಕೇರ್ ತೆರೆದು ಆರೂ ಅಕ್ಷರ ಹಾಕಿ. "ಸರಿಯಾಗಿದೆ" ಎಂದು ಬಂದ ಕೂಡಲೇ ಫೋನ್ ಮುಚ್ಚಬೇಡಿ. ಒಡವೆಯ ಬಗೆ ಏನೆಂದು ಬರೆದಿದೆ ನೋಡಿ. ಕೈಯಲ್ಲಿರುವುದು ಕಾಲ್ಚೈನು, ಆ್ಯಪಿನಲ್ಲಿ ಉಂಗುರ ಎಂದು ಬಂದರೆ ಬೇರೆ ಯಾವುದೋ ಒಡವೆಯ ಕೋಡನ್ನು ಇದರ ಮೇಲೆ ಕೆತ್ತಿದ್ದಾರೆ. ಶುದ್ಧತೆಯ ಅಂಕೆ, ಪರೀಕ್ಷಾ ಕೇಂದ್ರದ ಹೆಸರು, ದಿನಾಂಕವನ್ನೂ ಓದಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಹಾಲ್‌ಮಾರ್ಕ್ ಇಲ್ಲದ ಬೆಳ್ಳಿ ಎಲ್ಲವೂ ಕಳಪೆಯಲ್ಲ. ಕಾಲುಂಗುರ, ಮಕ್ಕಳ ಕಡಗ, ಸಣ್ಣ ದೀಪದಂಥ ಮಾಲಿನ ಮೇಲೆ ಮುದ್ರೆ ಕಾಣದೇ ಇರುವುದೇ ಹೆಚ್ಚು. ಆಗ ಮುಂದಿನ ಪರೀಕ್ಷೆಗಳು ಬೇಕಾಗುತ್ತವೆ.

ಕಣ್ಣು, ಕೈ, ಮ್ಯಾಗ್ನೆಟ್ಟು

ಇವೆಲ್ಲ "ಇದು ಬೆಳ್ಳಿ" ಎಂದು ಹೇಳುವ ಪರೀಕ್ಷೆಗಳಲ್ಲ, "ಇದು ಬೆಳ್ಳಿಯಲ್ಲ" ಎಂದು ಹೇಳಬಲ್ಲವು ಅಷ್ಟೇ. ವಾಟ್ಸ್ಆ್ಯಪಿನಲ್ಲಿ ಓಡಾಡುವ ಸಲಹೆಗಳು ಈ ವ್ಯತ್ಯಾಸವನ್ನು ನುಂಗಿಬಿಡುತ್ತವೆ.

ಮ್ಯಾಗ್ನೆಟ್ಟು ಹಿಡಿಯಿರಿ. ಬೆಳ್ಳಿ ಅಂಟುವುದಿಲ್ಲ. ಆದರೆ ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಕೂಡ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣವಿದೆ ಎಂದರ್ಥ; ಅಂಟದಿದ್ದರೆ ಏನೂ ತಿಳಿಯಲಿಲ್ಲ ಎಂದರ್ಥ. ಎರಡು ಜಾಗದಲ್ಲಿ ಮಾತ್ರ ಅಂಟಿದರೂ ಗಾಬರಿಯಾಗಬೇಕಿಲ್ಲ. ಸರದ ಸ್ಪ್ರಿಂಗ್ ಕೊಂಡಿಯೊಳಗೆ ಸ್ಟೀಲ್ ಸ್ಪ್ರಿಂಗ್ ಇರುತ್ತದೆ, ಗೆಜ್ಜೆಯೊಳಗಿನ ಗುಂಡು ಕಬ್ಬಿಣದ್ದಿರಬಹುದು. ಆದರೆ ಆ ಗುಂಡನ್ನೂ ಬೆಳ್ಳಿ ರೇಟಿಗೆ ತೂಗುತ್ತಿದ್ದಾರೆ ಎನ್ನುವುದು ನೆನಪಿರಲಿ.

ಮಂಜುಗಡ್ಡೆ ಇಟ್ಟರೆ ಬೇಗ ಕರಗುತ್ತದೆ ಎನ್ನುವುದು ನಿಜ, ಶಾಖ ಸಾಗಿಸುವುದರಲ್ಲಿ ಬೆಳ್ಳಿಯನ್ನು ಮೀರಿದ ಲೋಹವಿಲ್ಲ. ಆದರೆ ತಾಮ್ರ ಅದರ ಬೆನ್ನಿಗೇ ಇದೆ. ಬೆಳ್ಳಿ ಲೇಪದ ತಾಮ್ರದ ತಟ್ಟೆಯ ಮೇಲೂ ಗಡ್ಡೆ ಅಷ್ಟೇ ಬೇಗ ಕರಗುತ್ತದೆ. ಬಿಳಿ ಬಟ್ಟೆಯಿಂದ ಉಜ್ಜಿ ಕಪ್ಪು ಬಂದರೆ ಬೆಳ್ಳಿ ಎನ್ನುವ ಮಾತೂ ಅಷ್ಟೇ: ಅಲ್ಯುಮಿನಿಯಂ ಉಜ್ಜಿದರೂ ಕಪ್ಪು ಬರುತ್ತದೆ, ಹೊಸದಾಗಿ ಪಾಲಿಶ್ ಆದ ಚೊಕ್ಕ ಬೆಳ್ಳಿ ಉಜ್ಜಿದರೆ ಏನೂ ಬಾರದೇ ಇರಬಹುದು.

ಬಣ್ಣ ನೋಡುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು. ಮನೆಯಲ್ಲಿ ನಂಬಿಕೆಯ ಹಳೇ ಬೆಳ್ಳಿ ಲೋಟವಿದ್ದರೆ ಅದರ ಪಕ್ಕ ಒಂದು ಸ್ಟೀಲ್ ಲೋಟ, ರಿಟರ್ನ್ ಗಿಫ್ಟಿಗೆ ಬಂದ ಜರ್ಮನ್ ಸಿಲ್ವರ್ ಬಟ್ಟಲು ಇಟ್ಟು ಹಗಲಲ್ಲಿ ನೋಡಿ. ಸ್ಟೀಲಿನ ಬಿಳುಪಿನಲ್ಲಿ ನೀಲಿ ಛಾಯೆ, ಜರ್ಮನ್ ಸಿಲ್ವರಿನಲ್ಲಿ ಹಳದಿ ಬೆರೆತ ಬೂದು, ಬೆಳ್ಳಿಯದು ಮೆದುವಾದ, ಹಾಲಿನಂಥ ಬಿಳುಪು. ಹೆಸರು ಸಿಲ್ವರ್ ಆದರೂ ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ನಿಕ್ಕಲ್, ಸತು ಸೇರಿಸಿ ಮಾಡಿದ್ದು. ಆಕ್ಸಿಡೈಸ್ಡ್ ಎಂದು ಕಪ್ಪು ಹಿಡಿಸಿ ಮಾರುವ ಜುಮುಕಿ, ಹಾರಗಳಲ್ಲಿ ಬೆಳ್ಳಿಯದೂ ಇದೆ, ಹಿತ್ತಾಳೆಯದೂ ಇದೆ. ಆ ಕಪ್ಪಿನಡಿ ಬಣ್ಣ ನೋಡಿ ಹೇಳಲು ಆಗುವುದೇ ಇಲ್ಲ.

ಲೆನ್ಸಿನಲ್ಲಿ ನೋಡಬೇಕಾದದ್ದು ಸವೆಯುವ ಜಾಗಗಳನ್ನು: ಕೊಂಡಿ ತಾಗುವ ಸಣ್ಣ ಬಳೆ (ರಿಂಗು), ಅಂಚು, ಕೆತ್ತನೆಯ ತುದಿ. ಅಲ್ಲಿ ಕೆಂಪೋ ಹಳದಿಯೋ ಇಣುಕಿದರೆ ಅದು ಗಿಲೀಟು. ಹಸಿರು ಕಿಲುಬು ಕಂಡರೆ ತಾಮ್ರದ ಪಾಲು ಜಾಸ್ತಿ. ಬೆಳ್ಳಿ ಕಪ್ಪಾಗುವುದು ಮಾತ್ರ ದೋಷವಲ್ಲ. ಗಾಳಿಯಲ್ಲಿನ ಗಂಧಕದ ಅಂಶ ಮೈಗೆ ಹತ್ತಿ ಬೆಳ್ಳಿ ಸಲ್ಫೈಡ್ ಆಗುತ್ತದೆ, ಒಳ್ಳೇ ಬೆಳ್ಳಿಯೂ ಕಪ್ಪಾಗುತ್ತದೆ. ಎಷ್ಟು ದಿನವಾದರೂ ಕಪ್ಪೇ ಆಗದ, ಕನ್ನಡಿಯಂತೆ ಹೊಳೆಯುವ 925 ಸರ ಕಂಡರೆ ಮೇಲೆ ರೋಡಿಯಂ ಲೇಪವಿರಬಹುದು. ಅದು ಒಪ್ಪತಕ್ಕ ಕೆಲಸವೇ, ಸವೆದ ಮೇಲೆ ಮತ್ತೆ ಹಾಕಿಸಬೇಕಾಗುತ್ತದೆ.

ಮಷಿನ್ನಿಗೆ ಹಾಕಿಸುವುದು

ಈಗ ದೊಡ್ಡ ಅಂಗಡಿಗಳಲ್ಲಿ ಎಕ್ಸ್‌ಆರ್‌ಎಫ್ ಮಷಿನ್ ಇರುತ್ತದೆ. ಕ್ಯಾರೆಟ್ ಮೀಟರ್ ಎಂದೂ ಕರೆಯುತ್ತಾರೆ. ಒಡವೆ ಒಳಗಿಟ್ಟು ಮುಚ್ಚಿದರೆ ಅರೆ ನಿಮಿಷದಲ್ಲಿ ಬೆಳ್ಳಿ ಎಷ್ಟು, ತಾಮ್ರ ಎಷ್ಟು ಎಂದು ಪರದೆ ಮೇಲೆ ಬರುತ್ತದೆ. ಇದನ್ನೇ ಕೊನೆಯ ಮಾತು ಎಂದು ಜನ ನಂಬುತ್ತಾರೆ. ಆದರೆ ಈ ಮಷಿನ್ ನೋಡುವುದು ಚರ್ಮವನ್ನು ಮಾತ್ರ, ಮೈಕ್ರಾನ್‌ಗಳ ಲೆಕ್ಕದ ಆಳ. ಚಾಮುಂಡಿ ಬೆಟ್ಟದ ದೇವಸ್ಥಾನದ ಬೆಳ್ಳಿ ತಗಡಿನ ಬಾಗಿಲನ್ನು ಮುಂದಿನಿಂದ ನೋಡಿದವರಿಗೆ ಒಳಗಿನ ಮರ ಕಾಣುತ್ತದೆಯೇ? ಹಾಗೇ ಇದು.

ಲೇಪವೇ ಆಗಬೇಕೆಂದಿಲ್ಲ. ಕೆಲಸ ಮುಗಿದ ಬೆಳ್ಳಿ ಒಡವೆಯನ್ನು ಕಾಯಿಸಿ ಆಮ್ಲದಲ್ಲಿ ಅದ್ದಿ ಬೆಳ್ಳಗೆ ಮಾಡುತ್ತಾರೆ. ಆಗ ಮೇಲ್ಮೈಯ ತಾಮ್ರ ಕರಗಿ ಹೋಗಿ ತೆಳ್ಳನೆಯ ಚೊಕ್ಕ ಬೆಳ್ಳಿಯ ಪದರ ಉಳಿಯುತ್ತದೆ. ಒಳಗೆ 75 ಟಚ್ಚಿರುವ ಮಾಲು ಹೊರಗೆ 85, 90 ತೋರಿಸುವುದು ಹೀಗೆ. ಯಾರೂ ಮೋಸ ಮಾಡಬೇಕೆಂದು ಕೂತಿರದಿದ್ದರೂ ರೀಡಿಂಗ್ ಹೆಚ್ಚು ಬರುತ್ತದೆ.

ಆದ್ದರಿಂದ ಮೂರು ಕಡೆ ಹಾಕಿಸಿ: ಹೊಳೆಯುವ ಮುಖ, ಕೊಂಡಿಯ ಹಿಂಬದಿ, ಬೆಸುಗೆಯ ಜಾಗ. ಮೊದಲೆರಡು ಹತ್ತಿರ ಹತ್ತಿರ ಬಂದರೆ ಸಮಾಧಾನ, ಬೆಸುಗೆಯ ಜಾಗದಲ್ಲಿ ತುಸು ಕಮ್ಮಿ ಬರುವುದು ಸಹಜ. ದೊಡ್ಡ ಮೊತ್ತದ ಮಾಲಾದರೆ ಕೊಂಡಿಯ ಒಳಬದಿಯಲ್ಲಿ ಅರದಿಂದ ಎರಡು ಸಲ ಉಜ್ಜಿ, ಉಜ್ಜಿದ ಜಾಗವನ್ನೇ ಮಷಿನ್ನಿಗೆ ತೋರಿಸಿ ಎಂದು ಕೇಳಿ. ಮಾತು ಹೀಗೆ ನಡೆಯುತ್ತದೆ:

"ಅಣ್ಣ, ಕೊಂಡಿ ಒಳಗಡೆ ಚೂರು ಉಜ್ಜಿ ಹಾಕ್ಸಿ."
"ಅಯ್ಯೋ ಮೇಡಂ, ಹೊಸ ಮಾಲು, ಗೀರು ಬೀಳುತ್ತೆ."
"ಬೀಳ್ಲಿ ಬಿಡಿ, ಅದನ್ನೇ ತಗೋತೀನಿ."

ತಾನು ಏನು ಮಾರುತ್ತಿದ್ದೇನೆಂದು ಗೊತ್ತಿರುವ ಅಂಗಡಿಯವರು ಇದಕ್ಕೆ ಒಪ್ಪುತ್ತಾರೆ. ಒಪ್ಪದವರು "ಇದು 80 ಟಚ್ಚು ಮೇಡಂ" ಎಂದು ಬಾಯಿಬಿಡುತ್ತಾರೆ. ಎರಡರಿಂದಲೂ ನಿಮಗೆ ಲಾಭವೇ.

ಪರದೆಯಲ್ಲಿ ಬೆಳ್ಳಿಯ ಅಂಕೆ ಮಾತ್ರ ನೋಡಿ ತಲೆ ತಿರುಗಿಸಬೇಡಿ. 80 ಎಂದು ಮಾರುತ್ತಿರುವ ಕಾಲ್ಚೈನು 99 ತೋರಿಸಿದರೆ ಅದು ಸಂತೋಷದ ಸುದ್ದಿಯಲ್ಲ, ಮೇಲೆ ಲೇಪವಿದೆ. ನಿಕ್ಕಲ್ ಕಂಡರೆ ಚರ್ಮಕ್ಕೆ ಅಲರ್ಜಿ ಇರುವವರು ಬಿಡಬೇಕು. ಕ್ಯಾಡ್ಮಿಯಂ ಕಂಡರೆ ಬೆಸುಗೆಯಲ್ಲಿ ಬಳಸಿದ್ದಾರೆ. ಮಕ್ಕಳ ಒಡವೆ, ಊಟದ ಪಾತ್ರೆಗೆ ಅದು ಬೇಡವೇ ಬೇಡ.

ಒರೆಗಲ್ಲು

ಮಷಿನ್ ಇಲ್ಲದ ಸಣ್ಣ ಅಂಗಡಿಯಲ್ಲೂ ಅಕ್ಕಸಾಲಿಗರ ಹತ್ತಿರ ಒರೆಗಲ್ಲು ಇರುತ್ತದೆ. ಒಡವೆಯನ್ನು ಕಪ್ಪು ಕಲ್ಲಿನ ಮೇಲೆ ಒತ್ತಿ ಎಳೆದರೆ ಗೆರೆ ಮೂಡುತ್ತದೆ. ಪಕ್ಕದಲ್ಲಿ ಟಚ್ಚು ಗೊತ್ತಿರುವ ಬೆಳ್ಳಿಯಿಂದ ಇನ್ನೊಂದು ಗೆರೆ. ಎರಡರ ಮೇಲೂ ನೈಟ್ರಿಕ್ ಆಮ್ಲದ ಹನಿ. ಗೆರೆ ಕರಗಿದ ಮೇಲೆ ಉಪ್ಪು ನೀರಿನ ಹನಿ ಬಿಟ್ಟರೆ ಬೆಳ್ಳಿ ಇದ್ದಲ್ಲಿ ಮಜ್ಜಿಗೆ ಒಡೆದಂತೆ ಬಿಳಿ ಮಡ್ಡಿ ಕಟ್ಟುತ್ತದೆ. ಅದು ಬೆಳ್ಳಿ ಕ್ಲೋರೈಡ್. ತಾಮ್ರ ಹೆಚ್ಚಿದ್ದರೆ ಹನಿ ಹಸಿರು–ನೀಲಿಗೆ ತಿರುಗುತ್ತದೆ, ಮಡ್ಡಿ ಕಮ್ಮಿ. ಬಿಳಿ ಮಡ್ಡಿ ಬಾರದಿದ್ದರೆ ಅದು ಬೆಳ್ಳಿಯೇ ಅಲ್ಲ.

ಇಲ್ಲೂ ಅದೇ ಎಚ್ಚರ. ಮೊದಲು ಎಳೆದ ಗೆರೆಯಲ್ಲಿ ಬರುವುದು ಮೇಲ್ಮೈಯ ಬೆಳ್ಳಿ. ಒಂದೇ ಜಾಗದಿಂದ ಎರಡು ಮೂರು ಸಲ ಎಳೆದು ಕೊನೆಯ ಗೆರೆಗೆ ಹನಿ ಹಾಕಿಸಿ. ಆನ್‌ಲೈನಿನಲ್ಲಿ ಸಿಗುವ ಆಮ್ಲದ ಕಿಟ್ ತಂದು ಮನೆಯಲ್ಲಿ ಮಾಡಲು ಹೋಗಬೇಡಿ. ನೈಟ್ರಿಕ್ ಆಮ್ಲ ಚರ್ಮ ಸುಡುತ್ತದೆ, ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು.

ಮನೆಯಲ್ಲೇ ಮಾಡಬಹುದಾದ ಒಂದು ಗಟ್ಟಿ ಪರೀಕ್ಷೆ: ನೀರಿನ ತೂಕ

ಒಡವೆಗೆ ಏಟಾಗದೆ, ಚರ್ಮವನ್ನು ದಾಟಿ ಒಳಗಿನ ಸತ್ಯ ಹೇಳುವ ಪರೀಕ್ಷೆ ಇದೊಂದೇ. 0.01 ಗ್ರಾಂವರೆಗೆ ತೋರಿಸುವ ಜೇಬಿನ ತಕ್ಕಡಿ ಬೇಕು. ಅಡಿಗೆಮನೆಯ ಒಂದು ಗ್ರಾಂ ತಕ್ಕಡಿ ಕೆಲಸಕ್ಕೆ ಬಾರದು. ಒಡವೆ ಕನಿಷ್ಠ 20–30 ಗ್ರಾಂ ಇರಬೇಕು, ಟೊಳ್ಳಿರಬಾರದು, ಕಲ್ಲು, ಅರಗು, ದಾರ ಇರಬಾರದು. ಕಡಗ, ಗಟ್ಟಿ ಬಳೆ, ನಾಣ್ಯ, ದಪ್ಪ ಸರಕ್ಕೆ ಹೇಳಿ ಮಾಡಿಸಿದ್ದು.

ಮೊದಲು ಒಣ ಒಡವೆ ತೂಗಿ ಬರೆದುಕೊಳ್ಳಿ. ಆಮೇಲೆ ಒಂದು ಸಣ್ಣ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಟೇರ್ ಒತ್ತಿ ಸೊನ್ನೆ ಮಾಡಿ. ಒಡವೆಯನ್ನು ತೆಳ್ಳನೆಯ ಹೊಲಿಗೆ ದಾರಕ್ಕೆ ಕಟ್ಟಿ, ದಾರದ ತುದಿ ಕೈಯಲ್ಲಿ ಹಿಡಿದು, ನೀರಿನೊಳಗೆ ಪೂರ್ತಿ ಮುಳುಗಿಸಿ. ತಳಕ್ಕೂ ಗೋಡೆಗೂ ತಾಗದೆ ತೂಗಾಡುತ್ತಿರಬೇಕು. ಈಗ ತಕ್ಕಡಿ ತೋರಿಸುವ ಅಂಕೆ ಒಡವೆ ಎಷ್ಟು ನೀರನ್ನು ಪಕ್ಕಕ್ಕೆ ಸರಿಸಿತು ಎನ್ನುವುದು. ಒಣ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಬಂತು.

ಒಂದು 50 ಗ್ರಾಂ ಕಡಗ ತೆಗೆದುಕೊಳ್ಳೋಣ. ಚೊಕ್ಕ ಬೆಳ್ಳಿಯಾದರೆ (ಸಾಂದ್ರತೆ 10.49) ನೀರಿನ ಅಂಕೆ 4.77 ಬರುತ್ತದೆ. 925 ಆದರೆ 4.83. ತಾಮ್ರ ಬೆರೆಸಿದ 80 ಟಚ್ಚಿಗೆ 4.93, 60 ಟಚ್ಚಿಗೆ 5.09. ಜರ್ಮನ್ ಸಿಲ್ವರಾದರೆ ಸುಮಾರು 5.8, ಹಿತ್ತಾಳೆಯೂ ಅಲ್ಲೇ ಆಸುಪಾಸು, ಸ್ಟೀಲು 6.3 ದಾಟುತ್ತದೆ. ಅಂದರೆ ಬೆಳ್ಳಿಯೋ ಜರ್ಮನ್ ಸಿಲ್ವರೋ ಎನ್ನುವುದು ಒಂದೇ ಅದ್ದಿಗೆ ಸ್ಪಷ್ಟ. ಆದರೆ 925ಕ್ಕೂ 80ಕ್ಕೂ ನಡುವೆ ಇರುವುದು 0.1 ಗ್ರಾಂ. ಕೆತ್ತನೆಯ ಸಂದಿಯಲ್ಲಿ ಸಾಸಿವೆಯಷ್ಟು ಗಾಳಿ ಗುಳ್ಳೆಗಳು ಹತ್ತಾರು ಕೂತರೂ ಲೆಕ್ಕ ಕೆಡುತ್ತದೆ. ಅದಕ್ಕೇ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಒಡವೆಯನ್ನು ನೀರೊಳಗೇ ಅಲ್ಲಾಡಿಸಿ ಗುಳ್ಳೆ ಬಿಡಿಸಿ, ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಒಳಗೆ ಸೀಸ ತುಂಬಿದ್ದರೆ ಮಾತ್ರ ಈ ಪರೀಕ್ಷೆ ಏಮಾರುತ್ತದೆ, ಸೀಸ ಬೆಳ್ಳಿಗಿಂತ ಭಾರ. ಅಂಥದ್ದನ್ನು ಮೇಜಿನ ಮೇಲೆ ತಟ್ಟಿದರೆ ಠಣ್ ಎನ್ನುವುದಿಲ್ಲ, ಮೊಂಡಾಗಿ ಸದ್ದು ಮಾಡುತ್ತದೆ.

ಒಡವೆಗೊಂದು ಬಗೆ

ಕಾಲ್ಚೈನಿಗೆ ಹೆಸರಾದ ಊರು ಸೇಲಂ. ಬೆರಕೆ ಹೆಚ್ಚು ಕಾಣುವ ಒಡವೆಯೂ ಕಾಲ್ಚೈನೇ. ಕಾರಣ ಅದರ ಕಟ್ಟಡ. ನೂರಾರು ಸಣ್ಣ ಬಳೆ, ಎಲೆ, ಗೆಜ್ಜೆ, ಪ್ರತಿ ಕೂಡಿನಲ್ಲೂ ಬೆಸುಗೆ. ಬೆಸುಗೆ ಮಾಲು ಒಡವೆಗಿಂತ ಮೊದಲು ಕರಗಬೇಕಾದ್ದರಿಂದ ಅದರಲ್ಲಿ ಬೆಳ್ಳಿ ಕಮ್ಮಿ, ಸತು–ತಾಮ್ರ ಹೆಚ್ಚು ಇರಲೇಬೇಕು. ತಂತಿ 92 ಟಚ್ಚಿದ್ದರೂ ಪೂರ್ತಿ ಚೈನು ಕರಗಿಸಿದಾಗ ಅದಕ್ಕಿಂತ ಇಳಿಯುತ್ತದೆ. ಗೆಜ್ಜೆ ಜಾಸ್ತಿಯಾದಷ್ಟೂ ಇಳಿತ ಜಾಸ್ತಿ. ಒಂದೇ ತೂಕದಲ್ಲಿ ಸಾದಾ ಚೈನು, ತುಂಬು ಗೆಜ್ಜೆಯ ಚೈನು ಎರಡಿದ್ದರೆ, ವಾಪಸ್ ಬೆಲೆ ಮುಖ್ಯ ಎನ್ನುವವರು ಸಾದಾದ್ದನ್ನೇ ತೆಗೆದುಕೊಳ್ಳಲಿ.

ಕೊಳ್ಳುವಾಗ ಚೈನನ್ನು ಅಂಗೈ ಮೇಲೆ ಹರವಿ, ಒಂದು ತುದಿಯಿಂದ ಬೆರಳಲ್ಲಿ ಸವರುತ್ತಾ ಹೋಗಿ. ಚುಚ್ಚಿದ ಕಡೆ ಬೆಸುಗೆ ಸರಿಯಾಗಿ ಹರಿದಿಲ್ಲ, ಅಲ್ಲೇ ಸೀರೆಯ ಫಾಲ್ ಸಿಕ್ಕಿಕೊಳ್ಳುವುದು. ಲೆನ್ಸಿನಲ್ಲಿ ಕೂಡು ಬಳೆಗಳ ಬಾಯಿ ನೋಡಿ. ಬರೀ ಒತ್ತಿ ಮುಚ್ಚಿದ್ದರೆ ಕೂದಲೆಳೆಯ ಸೀಳು ಕಾಣುತ್ತದೆ, ಆರು ತಿಂಗಳಲ್ಲಿ ಚೈನು ದಾರಿಯಲ್ಲಿ ಬೀಳುತ್ತದೆ. ತಿರುಪಿನ ಕೊಂಡಿಯಾದರೆ ಮೂರು ಸುತ್ತಾದರೂ ಹಿಡಿಯಬೇಕು. ಎರಡು ಕಾಲಿನದನ್ನೂ ಬೇರೆ ಬೇರೆ ತೂಗಿಸಿ. ಒಂದೇ ಉದ್ದದ ಜೊತೆಯಲ್ಲಿ ಎರಡು ಮೂರು ಗ್ರಾಂ ವ್ಯತ್ಯಾಸ ಬಂದರೆ ಬೇರೆ ಬೇರೆ ಜೊತೆಯ ಮಾಲು.

ಕಾಲುಂಗುರದಲ್ಲಿ ತೂಕ ಕಮ್ಮಿ, ಟಚ್ಚಿನ ವ್ಯತ್ಯಾಸದಿಂದ ಹೋಗುವ ದುಡ್ಡೂ ಕಮ್ಮಿ. ಅಂಚು ಬೆರಳನ್ನು ಕೊಯ್ಯದಂತೆ ಉರುಟಾಗಿದೆಯೇ ನೋಡಿ, ಸಾಕು.

ಮಗುವಿನ ಉಡಿದಾರ, ಕಡಗ, ಒಳಲೆಗೆ ಬೇರೆಯೇ ಅಳತೆ. ಒಳಲೆ ಬಾಯಿಗೆ ಹೋಗುವುದು, ಹಾಲು, ಔಷಧ ಅದರಲ್ಲೇ. ಬೆಸುಗೆಯಿಲ್ಲದೆ ಒಂದೇ ತಗಡಿನಿಂದ ಬಡಿದು ಮಾಡಿದ, 925 ಅಥವಾ ಮೇಲ್ಪಟ್ಟ ಬೆಳ್ಳಿಯದನ್ನೇ ಕೇಳಿ. ಉಡಿದಾರದ ಗೆಜ್ಜೆಯನ್ನು ಎರಡು ಬೆರಳಲ್ಲಿ ಹಿಡಿದು ಚೆನ್ನಾಗಿ ಎಳೆದು ನೋಡಿ. ಅಂಗಡಿಯಲ್ಲಿ ಕಿತ್ತು ಬಂದರೆ ಒಳ್ಳೆಯದಾಯಿತು, ಮನೆಯಲ್ಲಿ ಬಂದರೆ ಮಗುವಿನ ಬಾಯಿಗೆ.

ವರಮಹಾಲಕ್ಷ್ಮಿಯ ಮುಖವಾಡ, ಕಳಶದ ಚೊಂಬು, ದೀಪದ ಕಂಬ ಕೊಳ್ಳುವಾಗ ಹಿಂದೆ ತಿರುಗಿಸಿ ನೋಡಿ. ಮುಖವಾಡ ತೆಳ್ಳನೆಯ ತಗಡಿನ ಉಬ್ಬು ಕೆಲಸ. ನೆಗ್ಗದಿರಲೆಂದು ಒಳಗೆ ಅರಗು ತುಂಬಿದ್ದರೆ ಆ ತೂಕ ಕಳೆಯಬೇಕು. ಕಣ್ಣು, ಓಲೆ, ಬೊಟ್ಟಿನ ಕಲ್ಲುಗಳದ್ದೂ ಕಳೆಯಬೇಕು. ದೀಪದ ಕಂಬದ ತಳ ಮುಚ್ಚಿದ್ದರೆ ಒಳಗೇನಿದೆ ಎಂದು ಕೇಳಿ, ಉತ್ತರವನ್ನು ಬಿಲ್ಲಿನಲ್ಲಿ ಬರೆಸಿ. ಮರದ ಮೇಲೆ ಬೆಳ್ಳಿ ತಗಡು ಹೊದಿಸಿದ ಮಣೆ, ಮಂಟಪಗಳಲ್ಲಿ ತಗಡಿನ ತೂಕವನ್ನು ಹೊದಿಸುವ ಮೊದಲೇ ತೂಗಿ ತೋರಿಸಬೇಕು. ಆಮೇಲೆ ಅಳೆಯಲು ದಾರಿಯಿಲ್ಲ.

ಕಲ್ಲು ಕೂರಿಸಿದ, ಮೀನಾ ಬಣ್ಣದ 925 ಓಲೆ, ಪೆಂಡೆಂಟುಗಳನ್ನು ಈಗ ತೂಕದ ಬದಲು ಪೀಸಿನ ಲೆಕ್ಕಕ್ಕೆ ಮಾರುತ್ತಾರೆ. 4 ಗ್ರಾಂ ಓಲೆಗೆ 2,000 ರೂಪಾಯಿ ಕೊಟ್ಟರೆ ಗ್ರಾಂಗೆ 500 ಬಿತ್ತು. ಡಿಸೈನು ಇಷ್ಟವಾದರೆ ಕೊಳ್ಳಿ, ಬೆಳ್ಳಿಯಲ್ಲಿ ದುಡ್ಡು ಹಾಕಿದೆ ಎಂದುಕೊಳ್ಳಬೇಡಿ.

ತಕ್ಕಡಿ ಮತ್ತು ಬಿಲ್ಲು

ತೂಗುವ ಮುನ್ನ ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ, ಅಂಕೆ ನಿಮ್ಮ ಕಡೆ ತಿರುಗಿದೆಯೇ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ನೋಡಿ. ಫ್ಯಾನಿನ ಗಾಳಿಗೆ ಅಂಕೆ ಕುಣಿಯುತ್ತಿದ್ದರೆ ನಿಲ್ಲುವವರೆಗೂ ಕಾಯಿರಿ. ಟ್ಯಾಗು, ದಾರ, ಪ್ಲಾಸ್ಟಿಕ್ ಕವರ್ ಎಲ್ಲ ತೆಗೆಸಿ. ಕಲ್ಲು, ಮಣಿ ಇದ್ದರೆ ಒಟ್ಟು ತೂಕ, ನಿವ್ವಳ ತೂಕ ಎರಡನ್ನೂ ಬರೆಸಿ. ಬೆಳ್ಳಿ ರೇಟು ನಿವ್ವಳಕ್ಕೆ ಮಾತ್ರ. ವೇಸ್ಟೇಜನ್ನು ತೂಕಕ್ಕೆ ಸೇರಿಸಿ "120 ಗ್ರಾಂ" ಇದ್ದದ್ದನ್ನು "134.4 ಗ್ರಾಂ" ಎಂದು ಬರೆಯುವುದೂ ಉಂಟು. ಬೇರೆ ಸಾಲಿನಲ್ಲಿ ಬರೆಯಲು ಹೇಳಿ.

ಬಿಲ್ಲಿನಲ್ಲಿ ಇರಬೇಕಾದದ್ದು: ಒಡವೆಯ ಹೆಸರು, ಒಟ್ಟು ಮತ್ತು ನಿವ್ವಳ ತೂಕ, ಶುದ್ಧತೆಯ ಅಂಕೆ, ಆ ದಿನದ ರೇಟು, ಕೂಲಿ, ಜಿಎಸ್‌ಟಿ, ಅಂಗಡಿಯ ಜಿಎಸ್‌ಟಿ ಸಂಖ್ಯೆ, ಹಾಲ್‌ಮಾರ್ಕ್ ಆಗಿದ್ದರೆ ಎಚ್‌ಯುಐಡಿ. "ಎಸ್ಟಿಮೇಟ್" ಎಂದು ಮೇಲೆ ಬರೆದ ಬಿಳಿ ಚೀಟಿ ಬಿಲ್ಲಲ್ಲ. ಮೂರು ಪರ್ಸೆಂಟ್ ಉಳಿಯುತ್ತದೆಂದು ಅದನ್ನೇ ತೆಗೆದುಕೊಂಡು ಬಂದರೆ, ನಾಳೆ ಟಚ್ಚು ಕಮ್ಮಿ ಬಂತೆಂದು ಹೋದಾಗ ಕೈಯಲ್ಲಿ ಹಿಡಿಯಲು ಏನೂ ಇರುವುದಿಲ್ಲ. "ಬೆಳ್ಳಿ ಸಾಮಾನು – 1" ಎಂದು ಬರೆದ ಬಿಲ್ಲಿನದೂ ಅದೇ ಪಾಡು. ವಾಪಸ್ ಕೊಟ್ಟರೆ ಯಾವ ಟಚ್ಚಿನ ಲೆಕ್ಕ, ಎಷ್ಟು ಕಡಿತ ಎನ್ನುವುದನ್ನೂ ಬಿಲ್ಲಿನ ಹಿಂದೆ ಬರೆಸಿ ಸಹಿ ಹಾಕಿಸಿಕೊಳ್ಳಿ.

ಕೊಂಡ ಮೇಲೆ ಅನುಮಾನ ಬಂದರೆ ಬಿಐಎಸ್ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರಕ್ಕೆ ಶುಲ್ಕ ಕೊಟ್ಟು ನೀವೇ ತೋರಿಸಬಹುದು. ಮೇಲ್ಮೈ ರೀಡಿಂಗ್ ಸಾಲದು, ಚೂರು ತೆಗೆದು ರಾಸಾಯನಿಕ ಪರೀಕ್ಷೆ ಮಾಡಿಕೊಡಿ ಎಂದು ಕೇಳಿ. ಹಾಲ್‌ಮಾರ್ಕ್ ಆದ ಒಡವೆಯಲ್ಲಿ ಬರೆದದ್ದಕ್ಕಿಂತ ಶುದ್ಧತೆ ಕಮ್ಮಿ ಬಂದರೆ, 2018ರ ಬಿಐಎಸ್ ನಿಯಮಗಳ ಪ್ರಕಾರ ಕೊರತೆಯಾದ ಬೆಳ್ಳಿಯ ಬೆಲೆಯ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚು ಕೊಳ್ಳುವವರಿಗೆ ಸಿಗಬೇಕು. ಅಂಗಡಿಯವರು ಒಪ್ಪದಿದ್ದರೆ ಬಿಐಎಸ್ ಕೇರ್ ಆ್ಯಪಿನಲ್ಲೇ ದೂರು ಕೊಡಬಹುದು, ಇಲ್ಲವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಬಿಲ್ಲು ನುಣುಪು ಥರ್ಮಲ್ ಕಾಗದದ್ದಾದರೆ ಬೀರುವಿನಲ್ಲಿ ಇಟ್ಟಲ್ಲೇ ಅಕ್ಷರ ಮಾಸುತ್ತದೆ. ಅವತ್ತೇ ಅದರ ಫೋಟೋ ತೆಗೆದು, ಒಂದು ಜೆರಾಕ್ಸ್ ಮಾಡಿಸಿ ಒಡವೆ ಡಬ್ಬಿಯೊಳಗೆ ಇಡಿ.